ಮುಮ್ತಾಜ್ ಕಂಡ ನೀರುನಾಯಿ

ಮುಮ್ತಾಜ್ ಸುಳ್ಳು ಹೇಳಿರಲಿಲ್ಲ. ಜಡೆ ಊರಿನ ಹತ್ತಿರದ ಆ ಕೆರೆಯಲ್ಲಿ ಅವಳು ನೀರುನಾಯಿಗಳನ್ನು ಕಂಡದ್ದು ನಿಜ — ನನಗೆ ಗೊತ್ತು, ಏಕೆಂದರೆ ಅದೇ ಗಳಿಗೆಯಲ್ಲಿ ನಾನೂ ಕಂಡಿದ್ದೆ. ಬರೀ ಕಂಡದ್ದಲ್ಲ, ಫೋಟೋ ತೆಗೆದಿದ್ದೆ. ತೆಗೆದು, ಬಚ್ಚಿಟ್ಟು, ನನಗೇನೂ ಕಾಣಲಿಲ್ಲ ಎಂದಿದ್ದೆ.

ನಾನು ಸೊರಬದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮುಮ್ತಾಜ್ ಶಿರಾಳಕೊಪ್ಪದವಳು; ಗಂಡನ ಜೊತೆ ಬಟ್ಟೆ ಅಂಗಡಿ ನಡೆಸುತ್ತಾಳೆ. ನಮ್ಮ ಪರಿಚಯವಾದದ್ದು ಗುಡವಿ ಪಕ್ಷಿಧಾಮದ ವೀಕ್ಷಣಾ ಗೋಪುರದ ಮೇಲೆ. ಗೂಡಿನಲ್ಲಿದ್ದ ಕೆಂಬರಲು ಹಕ್ಕಿಗೆ ಫೋಕಸ್ ಮಾಡಲು ನಾನು ಒದ್ದಾಡುತ್ತಿದ್ದಾಗ ಪಕ್ಕದಲ್ಲಿದ್ದ ಹೆಣ್ಣುಮಗಳು ಮೆಲ್ಲಗೆ ಮೊಣಕೈ ತಿವಿದಳು. "ಅದು ಎಲ್ಲೂ ಹೋಗಲ್ಲ ಬಿಡ್ರಿ. ಎಡಗಡೆ ನೋಡ್ರಿ, ಹಾವಕ್ಕಿ ಮೀನನ್ನ ಮೇಲಕ್ಕೆ ಹಾರಿಸಿ ನುಂಗ್ತಾ ಐತೆ!"

ಆಮೇಲೆ ಭಾನುವಾರಗಳೆಲ್ಲ ನಮ್ಮವೇ. ನನ್ನ ಸ್ಕೂಟರು, ಇಬ್ಬರ ಕ್ಯಾಮೆರಾ, ಅವಳು ಕಟ್ಟಿ ತರುತ್ತಿದ್ದ ಚಪಾತಿ. ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನ ಕೆರೆಗಳನ್ನು ಸುತ್ತಿದೆವು. ಅವಳು ನನ್ನನ್ನು ಅಕ್ಕ ಎನ್ನುತ್ತಿದ್ದಳು. ಎಲ್ಲಿ ಹೋದರೂ ಮೊದಲು ಕಾಣುತ್ತಿದ್ದುದು ಅವಳಿಗೇ. "ಟೀಚರದು ದೊಡ್ಡ ಕ್ಯಾಮೆರಾ, ಮುಮ್ತಾಜ್ ಅವರದು ದೊಡ್ಡ ಕಣ್ಣು" ಎಂದು ನಮ್ಮ ಪಕ್ಷಿವೀಕ್ಷಕರ ಬಳಗದಲ್ಲಿ ಯಾರೋ ತಮಾಷೆ ಮಾಡಿದ್ದರು. ಎಲ್ಲರ ಜೊತೆ ನಾನೂ ನಕ್ಕಿದ್ದೆ. ಆದರೆ ಆ ಮಾತು — ಹೇಗೆ ಹೇಳಲಿ — ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಉಳಿದುಬಿಟ್ಟಿತು.

ಆ ಬೆಳಿಗ್ಗೆ ಮಳೆ ಆಗಷ್ಟೇ ಬಿಟ್ಟಿತ್ತು. ಮುಮ್ತಾಜ್ ಕೆರೆ ಏರಿಯ ಮೇಲೆ ಕೂತು ಮಂಜುಗಟ್ಟಿದ ಲೆನ್ಸನ್ನು ದುಪಟ್ಟಾದಿಂದ ಒರೆಸುತ್ತಿದ್ದಳು. ನಾನು ಸ್ವಲ್ಪ ದೂರದಲ್ಲಿ, ಲಂಟಾನ ಪೊದೆಯ ಮರೆಯಲ್ಲಿದ್ದೆ. ಜೊಂಡಿನಿಂದ ಕಂದು ತಲೆಯೊಂದು ಎದ್ದಿತು. ಹಿಂದೆಯೇ ಇನ್ನೊಂದು. ತಾಯಿ ನೀರುನಾಯಿ ಮರಿಗಳನ್ನು ಕಟ್ಟಿಕೊಂಡು ನೀರು ಸೀಳುತ್ತಾ ಆಚೆ ದಡಕ್ಕೆ ಹೋಯಿತು. ಆ ಕೆರೆಯಲ್ಲಿ ನಮ್ಮ ಬಳಗದ ಯಾರೂ ಅದನ್ನು ಕಂಡಿರಲಿಲ್ಲ. ನನ್ನ ಬೆರಳು ತಾನಾಗಿ ಕ್ಯಾಮೆರಾದ ಗುಂಡಿ ಒತ್ತಿತು.

ಅವಳು ಓಡಿ ಬಂದಳು. ಕಣ್ಣಲ್ಲಿ ನೀರಿತ್ತು. "ಅಕ್ಕಾ, ನೀರುನಾಯಿ! ಮರಿ ಸಮೇತ! ನೋಡಿದ್ರಾ? ನನ್ನ ಕ್ಯಾಮೆರಾ ಕೈಕೊಡ್ತು... ನಿಮಗೆ ಸಿಕ್ತಾ?"

"ಇಲ್ವಲ್ಲ ಮುಮ್ತಾಜ್. ನನಗೇನೂ ಕಾಣಲಿಲ್ಲ."

ಯಾಕೆ ಹಾಗೆಂದೆ? ಯೋಚಿಸಿ ಹೇಳಿದ್ದಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಈ ಒಂದನ್ನಾದರೂ ಮೊದಲು ಕಂಡವಳು ನಾನಾಗಬೇಕು — ಒಂದು ವಾರ ಬಿಟ್ಟು, ಒಬ್ಬಳೇ ಬಂದಿದ್ದೆ ಎಂದು ಹೇಳಿ ಫೋಟೋ ತೋರಿಸಬೇಕು — ಇಷ್ಟೆಲ್ಲ ಆ ಒಂದು ಉಸಿರಿನಲ್ಲೇ ಹೊಳೆದಿತ್ತು.

ಆದರೆ ವಾರ ಕಳೆಯುವ ಮೊದಲೇ ಶಿಕಾರಿಪುರದಲ್ಲಿ ಬಳಗ ಸೇರಿತು. ಮುಮ್ತಾಜ್ ಎದ್ದು ನಿಂತು, ಕೈ ಬೀಸಿ ಬೀಸಿ, ಕಂಡದ್ದನ್ನು ಹೇಳಿದಳು. ಬಳಗದ ಹಿರಿಯರೊಬ್ಬರು ನಕ್ಕರು. "ಮುಂಗುಸಿ ಇರಬೇಕು ಬಿಡಮ್ಮ." ಅವಳು ನನ್ನ ಕಡೆ ತಿರುಗಿದಳು. "ಅಕ್ಕ ಅಲ್ಲೇ ಇದ್ರು, ಕೇಳ್ರಿ." ಎಲ್ಲರೂ ನನ್ನನ್ನೇ ನೋಡಿದರು. ಆಗಲಾದರೂ ನಿಜ ಹೇಳಬಹುದಿತ್ತು — ಹೇಳಲಿಲ್ಲ. "ಮುಂಗುಸಿನೂ ಇರಬಹುದು" ಎಂದೆ.

ಅಂದಿನಿಂದ ಅವಳು 'ಮುಂಗುಸಿ ಮೇಡಂ' ಆದಳು. ಆ ಫೋಟೋ ನನಗೂ ದಕ್ಕಲಿಲ್ಲ. ತೋರಿಸಿದರೆ ನನ್ನ ಬಣ್ಣವೇ ಬಯಲಾಗುತ್ತಿತ್ತು. ಭಾನುವಾರ ನನ್ನ ಜೊತೆ ಬರುವುದನ್ನು ಅವಳು ನಿಲ್ಲಿಸಿದಳು.

ಕೆರೆಗೆ ಹೋಗುವುದನ್ನು ಮಾತ್ರ ನಿಲ್ಲಿಸಲಿಲ್ಲ! ಅಂಗಡಿಯನ್ನು ಗಂಡನಿಗೆ ಒಪ್ಪಿಸಿ, ಬಸ್ಸು ಹತ್ತಿ, ಒಬ್ಬಳೇ ಏರಿಯ ಮೇಲೆ ಕೂರುತ್ತಾಳಂತೆ ಎಂದು ಅವರಿವರಿಂದ ಕೇಳುತ್ತಿದ್ದೆ. ಮಳೆಗಾಲಗಳು ಬಂದುಹೋದವು. ಕಳೆದ ಚಳಿಗಾಲದಲ್ಲಿ ಶಿಕಾರಿಪುರದ ಸಭಾಂಗಣವೊಂದರಲ್ಲಿ ಬಳಗದ ಚಿತ್ರಪ್ರದರ್ಶನ. ಒಳಗೆ ಕಾಲಿಟ್ಟವಳು ಹಾಗೇ ನಿಂತೆ. ಎದುರು ಗೋಡೆಯ ತುಂಬ ಮುಮ್ತಾಜಳ ಚಿತ್ರ: ಎಳೆ ಬಿಸಿಲಿನಲ್ಲಿ ತಾಯಿ ನೀರುನಾಯಿ, ಮುಂಗಾಲುಗಳ ನಡುವೆ ಒದ್ದಾಡುವ ಮೀನು, ಮೀಸೆಯ ತುದಿಯಲ್ಲಿ ಹನಿ, ಅದರ ಕೊರಳಿಗೆ ಜೋತುಬಿದ್ದು ಬಾಯಿ ತೆರೆದ ಮರಿಗಳು. ಎಂಥ ಚಿತ್ರ! ಹೊಟ್ಟೆಕಿಚ್ಚು ಹುಟ್ಟುವುದಕ್ಕೂ ಪುರುಸೊತ್ತಿರಲಿಲ್ಲ — ಖುಷಿಯೇ ಮೊದಲು ಬಂತು. ಮುಂಗುಸಿ ಎಂದಿದ್ದ ಹಿರಿಯರು ಅದರ ಮುಂದೆ ಕೈಮುಗಿದು ನಿಂತಿದ್ದರು. ಆ ಚಿತ್ರ ನೋಡಿಯೇ ಕೆರೆ ಪಕ್ಕದ ಊರಿನವರು, ಹೂಳು ತೆಗೆಯುವಾಗ ಆ ಬದಿಯ ಜೊಂಡನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟರಂತೆ.

ಅವಳನ್ನು ಪಕ್ಕಕ್ಕೆ ಕರೆದೆ. ಮೊಬೈಲಿನಲ್ಲಿ ನಾನು ಬಚ್ಚಿಟ್ಟಿದ್ದ ನೀರುನಾಯಿ ಫೋಟೋ ತೆರೆದು ಕೈಗಿತ್ತೆ. ಏನು ಹೇಳಬೇಕೆಂದು ಆ ಚಿತ್ರದ ಮುಂದೆ ನಿಂತೇ ಜೋಡಿಸಿಕೊಂಡಿದ್ದೆ; ಬಾಯಿಗೆ ಬಂದದ್ದು "ಅವತ್ತಿನದು" ಎಂಬ ಒಂದೇ ಮಾತು.

ಅವಳು ಫೋಟೋವನ್ನು ಹಿಗ್ಗಿಸಿ ನೋಡಿದಳು. ಮುಖ ಕೆಂಪಾಯಿತು. ಮೊಬೈಲು ಹಿಂತಿರುಗಿಸಿದಳು.

"ಶೇಕ್ ಆಗೈತೆ ಅಕ್ಕ."

"ಮುಮ್ತಾಜ್, ನಾನು—"

"ನನಗೆ ಹೇಳಿದ್ರೆ ಸಾಲದು. ಅವರ ಮುಂದೆ ಅಂದಿದ್ರಿ. ಅವರ ಮುಂದೇನೇ ಹೇಳ್ರಿ."

ಹೇಳಿದೆ. ವೇದಿಕೆ ಹತ್ತಿ, ಮೈಕು ಹಿಡಿದು. ನನ್ನ ಶಾಲೆಯ ಮಕ್ಕಳೂ ಅಲ್ಲಿದ್ದರು. ಕಂಡೆ, ಬಚ್ಚಿಟ್ಟೆ, ಸುಳ್ಳಾಡಿದೆ, ಎರಡು ಸಲ — ಎಲ್ಲವನ್ನೂ. ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಮುಮ್ತಾಜ್ ವೇದಿಕೆ ಹತ್ತಿ ನನ್ನ ಕೈಯಿಂದ ಮೈಕು ತೆಗೆದುಕೊಂಡಳು. "ಅಕ್ಕನ ಮಾತು ಮುಗೀತು. ಈಗ ನೀರುನಾಯಿ ಬಗ್ಗೆ ಮಾತಾಡೋಣ" ಎಂದಳು. ಸಭಾಂಗಣ ಒಮ್ಮೆಲೇ ಚಪ್ಪಾಳೆಯಿಂದ ಸಿಡಿಯಿತು. ತಾಯಿ ನೀರುನಾಯಿ ಮರಿಯನ್ನು ಕರೆಯುವ ಸಿಳ್ಳೆಯನ್ನು ಅವಳು ಹಾಗೆಯೇ ಹಾಕಿ ತೋರಿಸಿದಾಗ ಹಿಂದಿನ ಸಾಲಿನವರೂ ಎದ್ದು ನಿಂತರು. ನಾನು ಕೆಳಗಿಳಿದು, ಗೋಡೆಗೊರಗಿ, ಕೈ ಉರಿಯುವವರೆಗೆ ಚಪ್ಪಾಳೆ ತಟ್ಟಿದೆ.

ಕ್ಷಮಿಸಿದ್ದಾಳೋ — ಕೇಳಿಲ್ಲ. ಅವಳಾಗಿ ಹೇಳಿಯೂ ಇಲ್ಲ. ಬರುವ ಭಾನುವಾರ ಹೊಸಬರನ್ನು ಕರೆದುಕೊಂಡು ಅವಳು ಆ ಕೆರೆಗೆ ಹೋಗುತ್ತಾಳೆಂದು ತಿಳಿದು, ಅಳುಕುತ್ತಲೇ ಫೋನು ಮಾಡಿದೆ.

"ಬರ್ರಿ" ಎಂದಳು. ಫೋನಿಡುವ ಮೊದಲು, "ಕ್ಯಾಮೆರಾ ಬೇಡ" ಎಂದಳು.

ಹೂಂ ಎಂದೆ. ಬರಿಗೈಯಲ್ಲೇ ಹೋಗುತ್ತೇನೆ.