ಕಂಪ್ಯೂಟರ್ ಪಕ್ಕದ ಪುಸ್ತಕ

ಕಚೇರಿಯ ಹಳೇ ಬೀರು ಖಾಲಿ ಮಾಡಲು ಬಾಗಿಲು ತೆಗೆದೆ, ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಒಳಗೆ, ಹಿಂದೆ ಕಂಪ್ಯೂಟರ್ ಪಕ್ಕ ಇರುತ್ತಿದ್ದ ಆ ಉದ್ದನೆಯ ಪುಸ್ತಕ. ದಾರ ಕಟ್ಟಿದ ಪೆನ್ನೂ ಹಾಗೇ ಇತ್ತು. ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಮಧುಗಿರಿಯ ನಮ್ಮ ಕಚೇರಿಯಲ್ಲಿ ಆಗ ಐದು ಜನಕ್ಕೆ ಒಂದೇ ಕಂಪ್ಯೂಟರ್. ಎಲ್ಲರಿಗಿಂತ ಮೊದಲು ಬರುತ್ತಿದ್ದವರು ಅಕ್ಕ, ನಮ್ಮ ಹಿರಿಯ ಗುಮಾಸ್ತೆ. ಅವರು ತಮ್ಮ ಪಾಸ್‌ವರ್ಡ್ ಹಾಕಿ ತೆರೆದಿಟ್ಟರೆ ಸಂಜೆವರೆಗೂ ಎಲ್ಲರ ಕೆಲಸವೂ ಅದರಲ್ಲೇ. ನಮ್ಮ ನಮ್ಮ ಪಾಸ್‌ವರ್ಡ್ ಹಾಕಲು ನಮಗೆ ಸೋಮಾರಿತನ. ಯಾರು ಯಾವ ಫೈಲು ತಿದ್ದಿದರೂ ಬೀಳುತ್ತಿದ್ದದ್ದು ಅಕ್ಕನ ಹೆಸರು. ಅದಕ್ಕೇ ಅಕ್ಕ ಈ ಪುಸ್ತಕ ಇಟ್ಟಿದ್ದರು: ತಾರೀಖು, ಫೈಲು, ತಿದ್ದಿದ್ದೇನು, ಸಹಿ.

"ಕಂಪ್ಯೂಟ್ರಿಗೇನ್ ಗೊತ್ತು ಯಾರ ಕೈ ಅಂತ? ಕೇಳಿದ್ರೆ ನನ್ ಹೆಸ್ರೇ ಹೇಳ್ತದೆ ಕಣಮ್ಮ. ಬರ್ದುಬುಡು," ಅನ್ನುತ್ತಿದ್ದರು. ನಾವು ಅವರ ಬೆನ್ನ ಹಿಂದೆ ನಗುತ್ತಿದ್ದೆವು.

ಒಂದು ಮಧ್ಯಾಹ್ನ ಊಟದ ಅವಸರದಲ್ಲಿ ದೊಡ್ಡೇರಿ ಕಡೆಯ ಮನೆ ಮಂಜೂರಾತಿ ಪಟ್ಟಿ ತಿದ್ದುತ್ತಿದ್ದೆ. ಪಕ್ಕದ ಮೇಜಿನಲ್ಲಿ ಅಕ್ಕ ಬುತ್ತಿ ಬಿಚ್ಚುತ್ತಿದ್ದರು. ಒಂದೇ ಹೆಸರು ಎರಡು ಸಲ ಬಂದಿದೆಯೆಂದು ಒಂದನ್ನು ಅಳಿಸಿದೆ. ಇಬ್ಬರ ಗಂಡಂದಿರ ಹೆಸರು ಬೇರೆಬೇರೆ ಇದ್ದದ್ದನ್ನು ನೋಡಲಿಲ್ಲ. ಪುಸ್ತಕದಲ್ಲೂ ಬರೆಯಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಆ ಹೆಂಗಸು ಬಂದು ಮೇಜಿನ ಮುಂದೆ ನಿಂತಳು. "ಎಲ್ಲಾರ್ದೂ ಅದೆ, ನನ್ ಹೆಸ್ರೆಲ್ಲೋಯ್ತವ್ವ?"

ಸಾಹೇಬರು ಕಂಪ್ಯೂಟರಿನಲ್ಲಿ ಫೈಲು ತೆಗೆಸಿ ನೋಡಿದರು. ಕೊನೆಯದಾಗಿ ತಿದ್ದಿದವರು ಅಕ್ಕ ಎಂದಿತ್ತು. ಅಕ್ಕ ಒಮ್ಮೆ ನನ್ನ ಕಡೆ ನೋಡಿದರು. ನನ್ನದು ಗುತ್ತಿಗೆ ಕೆಲಸ... ತಲೆ ತಗ್ಗಿಸಿ ಕೈಲಿದ್ದ ಕಾಗದ ತಿರುವಿದೆ. ಆ ಹೆಂಗಸಿನ ಹೆಸರು ಮತ್ತೆ ಸೇರಿತು. ಅಕ್ಕನನ್ನು ಪಾವಗಡದ ಕಡೆಗೆ ಎತ್ತಂಗಡಿ ಮಾಡಿದರು. ಹೋಗುವಾಗ ನನಗೆ, "ಹುಷಾರಾಗಿರಮ್ಮ," ಎಂದರು, ಅಷ್ಟೇ.

ನಾಳೆ ಹೋಗಿ ಹೇಳೋಣ, ನಾಡಿದ್ದು ಹೇಳೋಣ ಅಂದುಕೊಂಡೇ ವರ್ಷಗಳಾದವು. ಕಳೆದ ವರ್ಷ ಅಕ್ಕ ತೀರಿಹೋದರೆಂದು ಯಾರೋ ಹೇಳಿದರು. ಮಣ್ಣಿಗೂ ನಾನು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ?

ಈಗ ಪ್ರತಿಯೊಬ್ಬರಿಗೂ ಒಂದೊಂದು ಕಂಪ್ಯೂಟರ್. ಒಬ್ಬರ ಮುಖ ಒಬ್ಬರು ನೋಡದೆ ಸಂಜೆಯಾಗುತ್ತದೆ.

ಪುಸ್ತಕದ ಕೊನೆಯ ಪುಟ ತಿರುಗಿಸಿದೆ. ಅಕ್ಕ ಪಾವಗಡಕ್ಕೆ ಹೋದ ಮೇಲೆ ಅದರಲ್ಲಿ ಯಾರೂ ಬರೆದಿರಲಿಲ್ಲ. ಕೊನೆಯ ಸಾಲು ಅವರದೇ ದುಂಡನೆಯ ಅಕ್ಷರ. ನಾನು ಆ ಹೆಸರು ಅಳಿಸಿದ ದಿನದ ತಾರೀಖು; ಅದರ ಮುಂದೆ, "ದೊಡ್ಡೇರಿ ಮನೆ ಪಟ್ಟಿ, ಒಂದು ಹೆಸರು ತೆಗೆದಿದೆ." ಸಹಿಯ ಜಾಗ ಮಾತ್ರ ಖಾಲಿ. ಅದನ್ನು ನನಗೆಂದೇ ಬಿಟ್ಟಿದ್ದರು.

ದಾರದ ಪೆನ್ನು ಒಣಗಿಹೋಗಿತ್ತು. ನನ್ನ ಪೆನ್ನು ತೆಗೆದು ಸಹಿ ಹಾಕಿದೆ. ಪುಸ್ತಕ ಹಿಡಿದು ಎದ್ದೆ... ಯಾರಿಗೆ ತೋರಿಸಲಿ?