ಕಚೇರಿಯಲ್ಲಿ ಉಳಿದ ನನ್ನ ಬಾಯಿ

ಗೆಳೆಯರೇ, ಪರರ ಹೊಲ ಹೊಕ್ಕಿತೆಂದು ಕೊಂಡವಾಡದಲ್ಲಿ ಕೂಡಿಹಾಕಿದ್ದ ಕಾಕಾನ ಟಗರನ್ನು ಬಿಡಿಸಲು ಇಂದು ಅವನೊಂದಿಗೆ ಮರಾಠಿಯಲ್ಲೇ ಕಾರಭಾರ ನಡೆಸುವ ಮುಧೋಳ ಸಂಸ್ಥಾನದ ಕಚೇರಿಗೆ ಹೋಗಿದ್ದೆ. "ನಮ್ಮ ಊರಾಗ ನಮ್ಮ ಮಾತ ಆಡಬೇಕು, ಅಂಜೂದ್ಯಾಕ?" ಎಂದು ದಾರಿಯುದ್ದಕ್ಕೂ ಭಾಷಣ ಮಾಡಿದವನು ನಾನೇ.

ಕಾರಕೂನ ತಲೆ ಎತ್ತದೆ ಮರಾಠಿಯಲ್ಲಿ ಏನೋ ಕೇಳಿದ. ಅರ್ಧಕ್ಕೇ ಸಾಲೆ ಬಿಟ್ಟ ನನಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೂ "ಹೋಯ್ ಸಾಹೇಬ" ಎಂದೆ. ಮತ್ತೇನೋ ಕೇಳಿದ. ಅದಕ್ಕೂ "ಹೋಯ್ ಸಾಹೇಬ."

ಆಗ ಅವನು ಅಚ್ಚ ಕನ್ನಡದಲ್ಲಿ ಕಾಕಾನಿಗೆ ಹೇಳಿದ: "ಹಿರ್ಯಾ, ನಿನ್ನ ಟಗರು ದಿನಾ ಮಂದಿ ಬೆಳಿ ಮೇಯತೈತೇನು ಅಂತ ಕೇಳಿದೆ. ಈ ಹುಡುಗ ಹೌದು ಅಂತಾನ."

"ಇಲ್ರೀ, ನಿನ್ನೆ ಒಂದಿನ ಹಗ್ಗಾ ಹರಕೊಂಡಿತ್ತರಿ" ಎಂದ ಕಾಕಾ.

ಹೇಗೋ ಟಗರು ಸಿಕ್ಕಿತು. ಹೊರಗೆ ಬಂದ ಮೇಲೆ ಕಾಕಾ ಕೇಳಿದ: "ನಿನ್ನ ಭಾಷಣಾ ಎಲ್ಲಿ ಹೋತಲೇ?"

"ಹೋಯ್ ಸಾಹೇಬ" ಎಂದೆ.