ಮೂವತ್ತೊಂದನೇ ಬಾಟಲಿಯ ಧೂಳು

ನನ್ನ ಮೊಮ್ಮಗಳು ರೆನಿಟಾ ಡಾಕ್ಟರಾದಳು! ಸೂಜಿ ಚುಚ್ಚುವ ಡಾಕ್ಟರಲ್ಲ, ಧೂಳಿನ ಡಾಕ್ಟರ್. ಜರ್ಮನಿಯ ಒಂದು ಯೂನಿವರ್ಸಿಟಿಯಲ್ಲಿ ಕುವೈತಿನ ಧೂಳಿನ ಬಗ್ಗೆ ದಪ್ಪ ಪುಸ್ತಕ ಬರೆದು, ನಾಲ್ಕು ಮಂದಿ ಪ್ರೊಫೆಸರುಗಳ ಎದುರು ನಿಂತು, ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ಪಾಸಾದಳು. ಇದು 2014ರ ನವೆಂಬರ್ ತಿಂಗಳ ಒಂದು ಶುಕ್ರವಾರದ ಮಾತು. ನಮ್ಮ ಕುಟುಂಬದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನನ್ನ ಮಗ. ನಾನು ನಾಲ್ಕನೇ ಕ್ಲಾಸಿಗೇ ಚೀಲ ಕೆಳಗಿಟ್ಟವನು. ಅಂಥ ಮನೆಯ ಹುಡುಗಿ! ಯಾರಿಗೆ ಹೇಳಿದರೂ ಸಾಕಾಗುವುದಿಲ್ಲ, ಅದಕ್ಕೇ ಬರೆಯಲು ಕುಳಿತೆ. ಆ ಪುಸ್ತಕ ನನ್ನ ಕೈಯಿಂದಲೇ ಹಾಳಾಗುವುದರಲ್ಲಿತ್ತು ಎನ್ನುವುದನ್ನೂ ಬರೆಯಬೇಕು.

ನಾವು ಮಂಗಳೂರು ಕಡೆಯ ಕ್ರಿಸ್ತುವರು. ನಾನು ಕುವೈತಿನ ರಾಯ್‌ನಲ್ಲಿ ಒಂದು ಕಾರು ಷೋರೂಮಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದೆ. ನನ್ನ ಕೆಲಸ ಧೂಳು ಒರೆಸುವುದು. ಎಷ್ಟೇ ಗಾಜಿನ ಬಾಗಿಲು ಹಾಕಲಿ, ಬೆಳಿಗ್ಗೆ ಬಂದು ನೋಡಿದರೆ ಹೊಸ ಕಾರುಗಳ ಮೇಲೆ ಹಿಟ್ಟಿನಂಥ ಧೂಳು ಕೂತಿರುತ್ತಿತ್ತು. ಅದನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತದೆ. ಮೊದಲು ಮೆತ್ತನೆಯ ಬ್ರಷ್, ಆಮೇಲೆ ಒದ್ದೆ ಬಟ್ಟೆ, ಅದೂ ಒಂದೇ ದಿಕ್ಕಿಗೆ. ಬಾನೆಟ್ ನೋಡಿದರೆ ಸಾಕು, ಇದನ್ನು ಒರೆಸಿ ಎರಡು ದಿನವಾಯಿತೋ ವಾರವಾಯಿತೋ ಎಂದು ಹೇಳುತ್ತಿದ್ದೆ. ಕೆಲಸ ಬಿಟ್ಟ ಮೇಲೆ ಮಗ ವಿನ್ಸಿ ನನ್ನನ್ನೂ ಹೆಂಡತಿ ಸೆವ್ರಿನಳನ್ನೂ ತನ್ನ ಜೊತೆ ಅಬ್ಬಾಸಿಯಾದ ಫ್ಲಾಟಿನಲ್ಲೇ ಇಟ್ಟುಕೊಂಡ. ಅವನಿಗೆ ಶುವೈಖ್‌ನಲ್ಲಿ ಸ್ಪೇರ್ ಪಾರ್ಟ್ಸ್ ಕಂಪನಿಯ ಆಫೀಸು. ಸೊಸೆ ಜಾನೆಟ್ ಆಸ್ಪತ್ರೆಯಲ್ಲಿ ನರ್ಸ್.

ಅವರ ಒಬ್ಬಳೇ ಮಗಳು ರೆನಿಟಾ. ಜರ್ಮನಿಗೆ ಓದಲು ಹೋದವಳು ಒಂದು ರಜೆಯಲ್ಲಿ ಬಂದಾಗ ದೊಡ್ಡ ಪೆಟ್ಟಿಗೆ ತಂದಳು. ಒಳಗೆ ಕೇಕ್ ಮಾಡುವಂಥ ಎರಡು ತಟ್ಟೆ, ಮತ್ತೆ ನೂರಾರು ಗಾಜಿನ ಗೋಲಿ!

"ಇದೆಂಥದು ಮಗಾ, ಈ ಪ್ರಾಯದಲ್ಲಿ ನನಗೆ ಗೋಲಿ ಆಟವಾ?" ಎಂದೆ.

"ಆಬ್, ನಿಮಗೊಂದು ಕೆಲಸ ಉಂಟು" ಎಂದಳು. ನಮ್ಮ ಕೊಂಕಣಿಯಲ್ಲಿ ಅಜ್ಜನಿಗೆ ಆಬ್ ಎನ್ನುತ್ತಾರೆ. "ತಟ್ಟೆಯಲ್ಲಿ ಗೋಲಿ ಹಾಸಿ ಟೆರೇಸಿನ ಮೇಲೆ ಇಡೋದು. ಗಾಳಿಯಿಂದ ಬಿದ್ದ ಧೂಳು ಗೋಲಿಗಳ ಸಂದಿಗೆ ಹೋದರೆ ಮತ್ತೆ ಹಾರೂದಿಲ್ಲ. ಪ್ರತಿ ಶನಿವಾರ ನಾನು ಕೊಡುವ ಶುದ್ಧ ನೀರಿನಿಂದ ತೊಳೆದು ಬಾಟಲಿಗೆ ತುಂಬಿಸಿ ನಂಬರ್ ಹಾಕಬೇಕು. ಮಾಡ್ತೀರಾ?"

"ಇಷ್ಟು ವರ್ಷ ಧೂಳು ತೆಗೆದದ್ದಕ್ಕೆ ಸಂಬಳ ತಗೊಂಡವರು, ಈಗ ಕೂಡಿಡ್ಲಿಕ್ಕೆ ಹೊರಟಿದ್ದಾರೆ" ಎಂದು ಸೆವ್ರಿನ್ ಅಡಿಗೆ ಮನೆಯಿಂದಲೇ ನಕ್ಕಳು.

ಇನ್ನೊಂದು ತಟ್ಟೆಯನ್ನು ರೆನಿಟಾ ಫಹಾಹೀಲಿನಲ್ಲಿ ಜಾನೆಟಳ ತಂಗಿಯ ಬಿಲ್ಡಿಂಗಿನ ಮೇಲಿಟ್ಟಳು. ನನ್ನ ತಟ್ಟೆಗೆ ಒಂದು ನೋಟ್‌ಬುಕ್ ಕೂಡ ಕೊಟ್ಟಳು. ಗಾಳಿ ಎಲ್ಲಿಂದ ಬೀಸಿತು, ಮಳೆ ಬಂತಾ, ಹಕ್ಕಿ ಕೂತಿತಾ, ಎಲ್ಲ ಕನ್ನಡದಲ್ಲೇ ಬರೆಯಬಹುದು ಎಂದಳು. ನನಗೂ ಕುತೂಹಲ ಹತ್ತಿತು. ಯಾರಿಗೂ ಬೇಡವಾದ ಧೂಳಿನಲ್ಲಿ ಜರ್ಮನಿಯವರಿಗೆ ಏನು ಕಾಣುತ್ತದೆ? ಬಾಟಲಿಗಳು ಪಾರ್ಸೆಲ್ಲಿನಲ್ಲಿ ಅವಳಿಗೆ ತಲುಪಿದ ಮೇಲೆ ಫೋನಿನಲ್ಲಿ ಕೇಳುತ್ತಿದ್ದೆ. ಈ ಧೂಳು ಇರಾಕಿನದ್ದು, ಇದು ಸೌದಿಯದ್ದು, ಇದರಲ್ಲಿ ಸಮುದ್ರದ ಉಪ್ಪು ಉಂಟು ಎಂದು ಅವಳು ಹೇಳುವಾಗ, ಮನೆಗೆ ಬಂದ ನೆಂಟರ ಊರು ಕೇಳಿದ ಹಾಗೆ ಆಗುತ್ತಿತ್ತು. ಇಪ್ಪತ್ತೆಂಟು ವರ್ಷ ಒರೆಸಿ ಚೆಲ್ಲಿದ್ದಕ್ಕೆ ಇಷ್ಟೆಲ್ಲ ಊರುಗಳಿದ್ದವಾ!

ಮೂವತ್ತು ಬಾಟಲಿ ಸರಿಯಾಗಿ ತುಂಬಿಸಿದೆ. ಮೂವತ್ತೊಂದನೆಯ ವಾರ ಆದದ್ದು ಹೀಗೆ. ಗುರುವಾರ ಜೋರು ಗಾಳಿ ಬೀಸಿ ನಿಂತಿತ್ತು. ತಟ್ಟೆ ಹೇಗುಂಟು ನೋಡೋಣ ಎಂದು ಮೇಲೆ ಹೋದೆ. ಗೋಲಿಗಳೆಲ್ಲ ಮಂಕಾಗಿದ್ದವು. ನನ್ನ ಕಿಸೆಯಲ್ಲಿ ಯಾವಾಗಲೂ ಒಂದು ಬಟ್ಟೆ ಇರುತ್ತದೆ, ಅಭ್ಯಾಸ. ಗಾಳಿಗೆ ಬಾಗಿದ ಡಿಶ್ ಆಂಟೆನಾಗಳನ್ನು ನೋಡುತ್ತಾ ಏನೋ ಯೋಚನೆಯಲ್ಲಿ ಕೂತಿದ್ದೆ. ನೋಡುವಾಗ ಅರ್ಧ ತಟ್ಟೆಯ ಗೋಲಿಗಳು ಷೋರೂಮಿನ ಹೆಡ್‌ಲೈಟಿನ ಹಾಗೆ ಹೊಳೆಯುತ್ತಿದ್ದವು. ನನ್ನ ಕೈ ಅದರ ಪಾಡಿಗೆ ಒರೆಸಿ ಬಿಟ್ಟಿತ್ತು!

ಹುಡುಗಿಗೆ ಏನು ಹೇಳುವುದು? ಆಗ ಒಂದು ಬುದ್ಧಿ ಬಂತು. ಬುದ್ಧಿಯಲ್ಲ, ಕೆಟ್ಟ ಜಾಣತನ. ಕೆಳಗೆ ಪಾರ್ಕಿಂಗಿನಲ್ಲಿ ಎಷ್ಟೋ ದಿನದಿಂದ ಅಲುಗಾಡದ ಹಳೆಯ ಕಾರೊಂದು ನಿಂತಿತ್ತು. ಅದರ ಬಾನೆಟ್ಟಿನಿಂದ ಬ್ರಷ್ಷಿನಲ್ಲಿ ಧೂಳು ಗುಡಿಸಿ ಕಾಗದಕ್ಕೆ ತೆಗೆದೆ. ಬಿಲ್ಡಿಂಗಿನ ಹಾರಿಸ್, ಅಂದರೆ ಕಾವಲಿನವನು, ಈಜಿಪ್ಟಿನವ, ನೋಡುತ್ತಾ ನಿಂತಿದ್ದ. "ಬಾಬಾ, ಇಂತ ಮಜ್ನೂನ್?" ಎಂದ. ಹುಚ್ಚಾ ನಿನಗೆ ಎಂದು ಅರ್ಥ. ಒರೆಸಿ ಹೋದ ಧೂಳು ಎಷ್ಟಿರಬಹುದು ಎಂದು ಕಣ್ಣಳತೆಯಲ್ಲೇ ಲೆಕ್ಕ ಹಾಕಿ ಗೋಲಿಗಳ ಮೇಲೆ ಉದುರಿಸಿದೆ. ಶನಿವಾರ ತೊಳೆದು ಬಾಟಲಿಗೆ ತುಂಬಿಸಿದೆ. ನೋಟ್‌ಬುಕ್ಕಿನಲ್ಲಿ "ಗಾಳಿ ಜೋರು" ಎಂದಷ್ಟೇ ಬರೆದೆ.

ಕೆಲವು ತಿಂಗಳು ಕಳೆದು ರೆನಿಟಾ ಫೋನಿನಲ್ಲಿ, "ಆಬ್, ಮೂವತ್ತೊಂದನೇ ವಾರ ಎಂಥ ಆಗಿತ್ತು? ಈ ಬಾಟಲಿಯಲ್ಲಿ ಮಾತ್ರ ಬ್ರೇಕಿನ ಕಬ್ಬಿಣದ ಪುಡಿ, ಟಯರಿನ ರಬ್ಬರು, ಮೇಣ ಎಲ್ಲ ಉಂಟು" ಎಂದಳು.

"ಗಾಳಿ ಜೋರಿತ್ತು ಮಗಾ" ಎಂದುಬಿಟ್ಟೆ.

ಅವಳು ನಂಬಿದಳು. ರಾಯ್ ಕಡೆಯ ವರ್ಕ್‌ಶಾಪುಗಳಿಂದ ಗಾಳಿ ಹೊತ್ತು ತಂದಿರಬೇಕು ಎಂದು ತಿಂಗಳುಗಟ್ಟಲೆ ಕೂತು ಏನೇನೋ ಲೆಕ್ಕ ಮಾಡಿ ಇಪ್ಪತ್ತು ಪುಟ ಬರೆದಳಂತೆ. ನನಗೆ ಅದು ಗೊತ್ತಿರಲಿಲ್ಲ. ಚಿಟಿಕೆ ಧೂಳು ತಾನೇ, ಮುಗಿಯಿತು ಎಂದುಕೊಂಡಿದ್ದೆ. ಪ್ರತಿ ವರ್ಷ ಈಸ್ಟರಿಗೆ ಮೊದಲು ಪಾದ್ರಿಗಳ ಬಳಿ ಪಾಪನಿವೇದನೆ ಮಾಡುವಾಗಲೂ ಇದನ್ನು ಹೇಳಿರಲಿಲ್ಲ. ಪಾಪದ ಪಟ್ಟಿಯಲ್ಲಿ ಧೂಳು ಎಲ್ಲಿ ಬರುತ್ತದೆ?

ಪುಸ್ತಕ ಒಪ್ಪಿಸಲು ಒಂದು ವಾರ ಇರುವಾಗ ರೆನಿಟಾ ಸ್ಕೈಪಿನಲ್ಲಿ ಬಂದಳು.

"ಆಬ್, ನಿಮ್ಮ ಹೆಸರು ಪೂರ್ತಿ ಹೇಗೆ ಬರೆಯೋದು? ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯಾ?"

"ಯಾಕೆ ಮಗಾ? ನನ್ನ ಹೆಸರು ಯಾರಿಗೆ ಬೇಕು?"

"ಇಲ್ಲಿ ಪುಸ್ತಕದ ಜೊತೆ ಒಂದು ಪ್ರಮಾಣಪತ್ರ ಕೊಡಬೇಕು. ಇದನ್ನು ನಾನೇ ಬರೆದದ್ದು, ಯಾರ್ಯಾರ ಸಹಾಯ ತಗೊಂಡೆನೋ ಎಲ್ಲ ಹೇಳಿದ್ದೇನೆ, ಎಂಥದೂ ಮುಚ್ಚಿಟ್ಟಿಲ್ಲ ಅಂತ ಆಣೆ ಮಾಡಿ ಸೈನ್ ಹಾಕೋದು. ಧೂಳು ಕೂಡಿಸಿದ್ದು ನೀವು ಅಲ್ವಾ? ನಿಮ್ಮ ಹೆಸರಿಲ್ಲದೆ ಹೇಗೆ?"

"ಅದರಲ್ಲಿ ಸುಳ್ಳಿದ್ದರೆ?"

"ಆಮೇಲೆ ಗೊತ್ತಾದರೂ ಡಿಗ್ರಿ ವಾಪಸ್ ತಗೊಳ್ತಾರೆ" ಎಂದು ನಕ್ಕಳು.

ನನಗೆ ನಗಲಾಗಲಿಲ್ಲ. ನನ್ನ ಸುಳ್ಳಿನ ಕೆಳಗೆ ಈ ಹುಡುಗಿ ಸಹಿ ಹಾಕುತ್ತಾಳೆ. ದೇವರ ಹೆಸರಲ್ಲಿ ಆಣೆ ಇಟ್ಟ ಹಾಗೆ ನನ್ನ ಹೆಸರು ಬರೆದು ಸಹಿ ಹಾಕುತ್ತಾಳೆ. ಸೆವ್ರಿನ್, ಜಾನೆಟ್ ಇಬ್ಬರೂ ಅಲ್ಲೇ ಇದ್ದರು. ಅವರೆದುರೇ ಎಲ್ಲ ಹೇಳಿದೆ. ಬಟ್ಟೆ, ಗೋಲಿ, ಹಳೆಯ ಕಾರು, ಬ್ರಷ್, ಒಂದೂ ಬಿಡಲಿಲ್ಲ.

ಅವಳು ಕಣ್ಣು ಮುಚ್ಚಿಕೊಂಡಳು.

"ಇಪ್ಪತ್ತು ಪುಟ, ಆಬ್" ಎಂದಳು. "ನಾನು ಕೇಳಿದಾಗ ಯಾಕೆ ಹೇಳ್ಲಿಲ್ಲ?"

"ನೀನು ಬೇಜಾರು ಮಾಡ್ತೀ ಅಂತ."

"ಈಗ ಬೇಜಾರಾಗ್ಲಿಲ್ವಾ?" ಎಂದು ಕಟ್ ಮಾಡಿದಳು.

"ಬಾನೆಟ್ ಒರೆಸಿ ಒರೆಸಿ ಮಂಡೆಯೂ ಒರೆಸಿ ಹೋಗಿದೆ ನಿಮಗೆ" ಎಂದು ಸೆವ್ರಿನ್ ಬೈದಳು. ಬೈದದ್ದು ಕಡಿಮೆಯೇ. ನಾಲ್ಕು ದಿನ ರೆನಿಟಾ ನನ್ನೊಡನೆ ಮಾತಾಡಲಿಲ್ಲ. ಅಮ್ಮನಿಗೆ ಫೋನ್ ಮಾಡುತ್ತಿದ್ದಳು, ನನ್ನನ್ನು ಕೇಳುತ್ತಿರಲಿಲ್ಲ. ಮೂರು ವರ್ಷದ ಅವಳ ದುಡಿಮೆ ನನ್ನೊಂದು ಬಟ್ಟೆ ತುಂಡಿನಿಂದ ಹೋಯಿತಲ್ಲ ಎಂದು ನಾನು ಒಂದೊಂದು ಕೋಣೆಗೆ ಹೋಗಿ ಕೂರುತ್ತಿದ್ದೆ.

ಐದನೆಯ ದಿನ ಅವಳೇ ನನಗೆ ಫೋನ್ ಮಾಡಿದಳು. ತನ್ನ ಪ್ರೊಫೆಸರಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳಂತೆ. ಅವರು ಬೈಯಲಿಲ್ಲ. ಆ ಇಪ್ಪತ್ತು ಪುಟ ತೆಗಿ, ಬಾಟಲಿಯನ್ನು ಬಿಸಾಡಬೇಡ, ನಡೆದದ್ದನ್ನು ಬರಿ ಎಂದರಂತೆ.

"ನೀವು ಹೇಳಿದ್ದನ್ನು ಕಾಗದದ ಮೇಲೆ ಬರೆದು ಸೈನ್ ಹಾಕಿ ಕಳಿಸಿ ಆಬ್. ಕನ್ನಡದಲ್ಲೇ."

ಹನ್ನೊಂದು ಸಾಲು ಬರೆದೆ. ಬರೆಯಲು ಇಡೀ ಬೆಳಿಗ್ಗೆ ಬೇಕಾಯಿತು. ಅವಳು ಅದನ್ನು ಇಂಗ್ಲಿಷಿಗೆ ಮಾಡಿ, ನನ್ನ ಕೈಬರಹದ ಫೋಟೋ ಸಮೇತ ಪುಸ್ತಕದ ಕೊನೆಗೆ ಹಾಕಿದಳು. ಒಂದು ತಿಂಗಳು ತಡವಾಗಿ ಪುಸ್ತಕ ಒಪ್ಪಿಸಿದಳು.

ಇನ್ನು ಉಳಿದದ್ದು ಕೊನೆಯ ಪರೀಕ್ಷೆ. ಅದೂ ವಿಚಿತ್ರ! ಪುಸ್ತಕವನ್ನು ಓದಿ ಮಾರ್ಕು ಹಾಕಿದವರೇ ಮತ್ತೆ ಎದುರು ನಿಲ್ಲಿಸಿ ಕೇಳುತ್ತಾರಂತೆ. ಯಾರು ಬೇಕಾದರೂ ಬಂದು ಕೂತು ನೋಡಬಹುದಂತೆ. ನಮಗಾಗಿ ರೆನಿಟಾಳ ಗೆಳತಿ ಹಿಂದಿನ ಸಾಲಿನಲ್ಲಿ ಲ್ಯಾಪ್‌ಟಾಪ್ ಇಟ್ಟಳು. ಶುಕ್ರವಾರ ಇಲ್ಲಿ ರಜೆ, ನಮ್ಮ ಇಗರ್ಜಿಯ ದೊಡ್ಡ ಪೂಜೆಯೂ ಶುಕ್ರವಾರವೇ. ಪೂಜೆ ಮುಗಿಸಿ ಬಂದು, ಸಂಜೆ ನಾಲ್ಕಕ್ಕೆ ನಾಲ್ವರೂ ಟಿವಿಗೆ ವೈರ್ ಹಾಕಿ ಕೂತೆವು. ಸೆವ್ರಿನ್ ಕೈಯಲ್ಲಿ ಜಪಸರ.

ರೆನಿಟಾ ಅರ್ಧ ಗಂಟೆ ಇಂಗ್ಲಿಷಿನಲ್ಲಿ ಮಾತಾಡಿದಳು. ಆಮೇಲೆ ಪ್ರಶ್ನೆ. ಜಾನೆಟ್ ನನ್ನ ಕಿವಿಯಲ್ಲಿ ಹೇಳುತ್ತಾ ಹೋದಳು. ಬೇರೆ ಊರಿನಿಂದ ಬಂದ ಬಿಳಿ ಗಡ್ಡದ ಪ್ರೊಫೆಸರ್ ಒಬ್ಬರು ಪುಸ್ತಕದ ಕೊನೆಯ ಪುಟ ತೆಗೆದರು. ನನಗೆ ದೂರದಿಂದಲೇ ಗೊತ್ತಾಯಿತು, ನನ್ನ ಕೈಬರಹ.

"ಎಂಥ ಕೇಳ್ತಿದ್ದಾರೆ?"

"ಅಬ್ಬಾ, ಮಾವ... ಒಂದು ಬಾಟಲಿಯಲ್ಲಿ ಹೀಗೆ ಮಾಡಿದವರು ಉಳಿದದ್ದರಲ್ಲೂ ಮಾಡಿಲ್ಲ ಅಂತ ಹೇಗೆ ನಂಬೋದು? ನಿಮ್ಮ ಅಜ್ಜ ಅಂತ ನಂಬಿದ್ದಾ? ಹಾಗೆ."

ಆ ಪ್ರಶ್ನೆ ಸರಿಯೇ ಇತ್ತು. ಷೋರೂಮಿನಲ್ಲಿ ನಾನೇ ಸೂಪರ್‌ವೈಸರ್ ಆಗಿದ್ದರೂ ಅದನ್ನೇ ಕೇಳುತ್ತಿದ್ದೆ.

ರೆನಿಟಾ ನೀರು ಕುಡಿದಳು. ಪರದೆಯ ಮೇಲೆ ವಾರವಾರದ ಧೂಳಿನ ಎರಡು ಗೆರೆ ತೋರಿಸಿದಳು. ಒಂದು ನನ್ನ ತಟ್ಟೆಯದ್ದು, ಒಂದು ಫಹಾಹೀಲಿನದ್ದು. ಎರಡೂ ಜೊತೆಜೊತೆಗೆ ಏರುತ್ತವೆ, ಇಳಿಯುತ್ತವೆ. ಮೂವತ್ತೊಂದರಲ್ಲಿ ಮಾತ್ರ ಒಳಗಿನ ಸರಕು ಬೇರೆ. "ಅಜ್ಜ ಅಂತ ನಂಬಲಿಲ್ಲ, ಎಲ್ಲ ಬಾಟಲಿಯನ್ನೂ ಮತ್ತೊಮ್ಮೆ ಪರೀಕ್ಷೆ ಮಾಡಿದೆ" ಎಂದಳಂತೆ. ಆಮೇಲೆ ಒಂದು ಮಾತು ಸೇರಿಸಿದಳು. "ಅವರು ಹೇಳದಿದ್ದರೆ ಆ ಇಪ್ಪತ್ತು ಸುಳ್ಳು ಪುಟಗಳನ್ನು ನೀವೆಲ್ಲರೂ ಓದಿ ಒಪ್ಪುತ್ತಿದ್ದಿರಿ."

ಎಲ್ಲರೂ ನಕ್ಕರು. ಬಿಳಿ ಗಡ್ಡದವರು ನಗಲಿಲ್ಲ, ಏನೋ ಬರೆದುಕೊಂಡರು. ಇನ್ನೂ ಹತ್ತಿಪ್ಪತ್ತು ಪ್ರಶ್ನೆ ಆಯಿತು. ಕೊನೆಗೆ ಇದ್ದಕ್ಕಿದ್ದ ಹಾಗೆ ಕೋಣೆಯಲ್ಲಿದ್ದವರೆಲ್ಲ ಮೇಜು ಗುದ್ದಲು ಶುರು ಮಾಡಿದರು. ದಡ ದಡ ದಡ!

"ಯೇಸುವೇ, ಗಲಾಟೆ ಆಯ್ತು! ಹುಡುಗಿಗೆ ಹೊಡೀತಾರಾ ಹೇಗೆ?" ಎಂದು ಸೆವ್ರಿನ್ ಎದ್ದು ನಿಂತಳು. ನಾನೂ ಎದ್ದೆ. ಇಲ್ಲಿ ಎದ್ದರೆ ಅಲ್ಲಿಗೆ ಏನು ಪ್ರಯೋಜನ! ಗೆಳತಿ ಕ್ಯಾಮೆರಾದ ಎದುರು ಮುಖ ತಂದು, ಇಲ್ಲಿ ಚಪ್ಪಾಳೆ ತಟ್ಟುವ ಬದಲು ಹೀಗೆ ಬೆರಳ ಗೆಣ್ಣಿನಿಂದ ಮೇಜು ಬಡಿಯುತ್ತಾರೆ ಎಂದು ವಿನ್ಸಿಗೆ ಹೇಳಿದಳು.

ಪ್ರೊಫೆಸರುಗಳು ಬಾಗಿಲು ಮುಚ್ಚಿ ಒಳಗೆ ಮಾತಾಡಿದರು. ಕಾಲು ಗಂಟೆ. ಹೊರಗೆ ಬಂದು ಅವಳ ಕೈ ಕುಲುಕಿದರು. ಅಷ್ಟೇ ನೋಡಿದ್ದು, ನನ್ನ ಕಣ್ಣು ತುಂಬಿ ಟಿವಿ ಕಾಣಿಸದಾಯಿತು. ಒರೆಸಿಕೊಂಡು ನೋಡುವಾಗ ಗೆಳೆಯರೆಲ್ಲ ಸೇರಿ ರಟ್ಟಿನ ದೊಡ್ಡ ಟೋಪಿಯೊಂದನ್ನು ಅವಳ ತಲೆಗೆ ಇಡುತ್ತಿದ್ದರು. ಅದೂ ಅಲ್ಲಿಯ ಪದ್ಧತಿಯಂತೆ, ಓದಿದ ವಿಷಯಕ್ಕೆ ತಕ್ಕ ಸಾಮಾನುಗಳನ್ನು ಅಂಟಿಸುತ್ತಾರೆ. ಗೋಲಿಗಳಿದ್ದವು. ಒಂದು ಒಂಟೆಯೂ ಇತ್ತು. ಒಂಟೆ ಯಾಕೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ, ಅವಳ ಪುಸ್ತಕದಲ್ಲಿ ಒಂದೂ ಇಲ್ಲ.

ಆಗ ಬಿಳಿ ಗಡ್ಡದವರು ಲ್ಯಾಪ್‌ಟಾಪಿನ ಹತ್ತಿರ ಬಂದು ಬಗ್ಗಿ ನೋಡಿದರು. ನಾನು ಶರ್ಟಿನ ಗುಂಡಿ ಹಾಕಿಕೊಂಡೆ. ರೆನಿಟಾ ಪಕ್ಕದಲ್ಲಿ ನಿಂತು ಹೇಳಿದಳು: "ಆಬ್, ಇವರಿಗೆ ಒಂದು ವಿಷಯ ಗೊತ್ತಾಗಬೇಕಂತೆ. ನೀವು ಹಾಕಿದ ಧೂಳಿನ ತೂಕ, ಆ ವಾರ ಬೀಳಬೇಕಾಗಿದ್ದ ತೂಕಕ್ಕೆ ಹೆಚ್ಚುಕಡಿಮೆ ಸರಿ ಉಂಟು. ತಕ್ಕಡಿ ಇಲ್ಲದೆ ಹೇಗೆ ಅಂತ?"

"ಹೇಳು ಮಗಾ, ಇಪ್ಪತ್ತೆಂಟು ವರ್ಷ ದಿನಾ ಒರೆಸಿದ್ದೇನೆ, ಕೈಗೆ ಗೊತ್ತುಂಟು" ಎಂದೆ.

ಅವಳು ಹೇಳಿದಳು. ಅವರು ತಲೆಯಾಡಿಸಿ, ಲ್ಯಾಪ್‌ಟಾಪಿನ ಪಕ್ಕದ ಮೇಜನ್ನು ಮೂರು ಸಲ ಬಡಿದರು. ಈ ಸಲ ನನಗೆ ಅರ್ಥವಾಯಿತು.

ಅಷ್ಟರಲ್ಲಿ ಸೆವ್ರಿನ್ ಬಿಲ್ಡಿಂಗಿನ ನಾಲ್ಕು ಮನೆಗೆ "ನಮ್ಮ ಡಾಕ್ಟರ್" ಎಂದು ಹೇಳಿ ಬಂದಾಗಿತ್ತು. "ಈಗಲೇ ಕರೀಬೇಡಿ, ಪುಸ್ತಕ ಅಚ್ಚಾಗಿ ಲೈಬ್ರರಿಗೆ ಕೊಟ್ಟ ಮೇಲೆಯೇ ಹಾಗೆ ಕರೀಬಹುದು, ಇಲ್ಲಿ ಕಾನೂನು" ಎಂದಳು ರೆನಿಟಾ. "ಆ ಕಾನೂನು ಅಲ್ಲಿ, ಅಬ್ಬಾಸಿಯಾದಲ್ಲಿ ಅಲ್ಲ" ಎಂದಳು ಸೆವ್ರಿನ್.

ಮಾಡಿದ ತಪ್ಪು ನೆನಪಾದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಅವಳ ಎದುರು ಬಾಯಿ ಬಿಟ್ಟು ಹೇಳಿದ ಆ ಗಳಿಗೆಯನ್ನು ನೆನೆದರೆ ಮಾತ್ರ ಎದೆ ಹಗುರಾಗುತ್ತದೆ. ಹೇಳುವಾಗ ಹುಡುಗಿಯ ಮೂರು ವರ್ಷ ಮುಳುಗಿತು ಎಂದೇ ತಿಳಿದಿದ್ದೆ.

ಅಂದು ರಾತ್ರಿ ಮೇಜಿನ ತುಂಬ ಇಡ್ಲಿಯಂಥ ನಮ್ಮ ಸಾನ್ನಾ, ಕೋಳಿ ಸಾರು, ಕುರಿ ಮಾಂಸದ ಸುಕ್ಕಾ. ಜಾನೆಟಳ ತಂಗಿಯ ಮನೆಯವರೂ ಫಹಾಹೀಲಿನಿಂದ ಬಂದರು. ಲ್ಯಾಪ್‌ಟಾಪನ್ನು ರೆನಿಟಾಳ ಕುರ್ಚಿಯ ಎದುರು ಇಟ್ಟೆವು. ಆ ಕಡೆ ಅವಳು ಟೋಪಿ ಹಾಕಿಕೊಂಡೇ ಬ್ರೆಡ್ಡು, ಬಟಾಟೆ ತಿನ್ನುತ್ತಿದ್ದಳು. ಸಾರು ತೋರಿಸಿ ತೋರಿಸಿ ಅವಳಪ್ಪ ಚೇಷ್ಟೆ ಮಾಡಿದ. ಎಲ್ಲರ ಮಾತಿನ ನಡುವೆ ಅವಳು ಕರೆದಳು.

"ಆಬ್, ಬರುವ ವರ್ಷ ಹೊಸ ಕೆಲಸ ಶುರು ಉಂಟು. ಎರಡು ವರ್ಷದ ಧೂಳು ಬೇಕು."

"ಯಾರು ಹಿಡಿದು ಕೊಡ್ತಾರೆ?" ಎಂದೆ.

"ಯಾರು ಎಂಥದು? ನೀವೇ."

ನನ್ನ ಬಾಯಿ ತುಂಬ ಸಾನ್ನಾ ಇತ್ತು. ತಲೆ ಮಾತ್ರ ಆಡಿಸಿದೆ. ಸೆವ್ರಿನ್ ನನ್ನ ತಟ್ಟೆಗೆ ಇನ್ನೊಂದು ಸಾನ್ನಾ ಹಾಕಿ, ಅದರ ಮೇಲೆ ಸಾರು ಬಡಿಸಿದಳು.